ಯುಗಾದಿಯ ಕುಡಿಯುವ ಬೇವು: ಕಮಲಾಪುರದ ಕೆಂಪು ಬಾಳೆ ಹಾಕಿ, ಹಂತ ಹಂತವಾಗಿ

ಐರ್ಲೆಂಡಿನ ಗೇಲಿಕ್ ಜನ ಫೆಬ್ರುವರಿ 1ಕ್ಕೇ ಇಂಬೋಲ್ಕ್ ಹಬ್ಬ ಮಾಡಿ ವಸಂತವನ್ನು ಬರಮಾಡಿಕೊಳ್ಳುತ್ತಾರೆ. ನಮ್ಮ ಕಲಬುರಗಿ ಸೀಮೆಗೆ ಅದು ಬರುವುದು ಚೈತ್ರ ಶುದ್ಧ ಪಾಡ್ಯಕ್ಕೆ, ಬೇವು ಹೂ ಬಿಟ್ಟಾಗ, ಬಿಸಿಲನ್ನೂ ಬೆನ್ನಿಗೆ ಕಟ್ಟಿಕೊಂಡು. ಮೈಸೂರು ಕಡೆ ಬೇವು-ಬೆಲ್ಲ ಚಿಟಿಕೆಯಷ್ಟು ತಿಂದು ಮುಗಿಸುತ್ತಾರೆ. ಇಲ್ಲಿ ಬೇವೆಂದರೆ ಗಡಿಗೆ ತುಂಬ ಮಾಡಿ ಕುಡಿಯುವ ಪಾನಕ. ಕಹಿಯಾದೀತೆಂದು ಭಯಪಡಬೇಡಿ, ಹೂವನ್ನು ಯಾವಾಗ ಹಾಕುತ್ತೀರಿ ಎಂಬುದರಲ್ಲೇ ಎಲ್ಲ ಇದೆ.

ಆರು ಮಂದಿಗೆ ಬೇಕಾಗುವುದು: ನೀರು ಒಂದೂವರೆ ಲೀಟರ್, ಬೆಲ್ಲ 250 ಗ್ರಾಂ, ನಿಂಬೆ ಗಾತ್ರದ ಹುಣಸೆಹಣ್ಣು, ಸಣ್ಣ ಮಾವಿನಕಾಯಿ 1, ಪುಟಾಣಿ (ಹುರಿಗಡಲೆ) ಹಿಟ್ಟು 3 ಚಮಚ, ಬೇವಿನ ಹೂ 1 ಚಮಚ, ಕೆಂಪು ಬಾಳೆ 2, ಏಲಕ್ಕಿ ಪುಡಿ.

1. ಹಿಂದಿನ ರಾತ್ರಿಯೇ ಹೊಸ ಮಣ್ಣಿನ ಗಡಿಗೆಯನ್ನು ನೀರಲ್ಲಿ ಮುಳುಗಿಸಿಡಿ. ಇಲ್ಲದಿದ್ದರೆ ನಿಮಗಿಂತ ಮೊದಲು ಗಡಿಗೆಯೇ ಪಾನಕ ಕುಡಿಯುತ್ತದೆ. ಗಡಿಗೆ ಸಿಗಲಿಲ್ಲವೇ? ಸ್ಟೀಲ್ ಪಾತ್ರೆ ನಡೆಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಮಾತ್ರ ಬೇಡ, ಹುಳಿಗೆ ಕಿಲುಬು ಬಿಡುತ್ತದೆ.

2. ಬೆಳಿಗ್ಗೆ ಬೆಲ್ಲ ಕುಟ್ಟಿ ಒಂದು ಲೀಟರ್ ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಅಡಿಯಲ್ಲಿ ಮರಳು ಇದ್ದೇ ಇರುತ್ತದೆ.

3. ಹುಣಸೆಹಣ್ಣನ್ನು ಅರ್ಧ ಗಂಟೆ ನೆನೆಸಿ, ಕಿವುಚಿ, ರಸ ಹಿಂಡಿ.

4. ಬೇವಿನ ಹೂ ಬಿಡಿಸಿ. ಗೊಂಚಲನ್ನು ತಟ್ಟೆಯ ಮೇಲೆ ಹಿಡಿದು ಬೆರಳಿನಿಂದ ಮೆಲ್ಲಗೆ ಸವರಿದರೆ ಬಿಳಿ ಹೂವಷ್ಟೇ ಉದುರುತ್ತದೆ. ಹಸಿರು ತೊಟ್ಟು, ಚಿಗುರೆಲೆ ಬಿದ್ದಿದ್ದರೆ ಆರಿಸಿ ತೆಗೆಯಿರಿ. ಹೊಸಬರ ಬೇವು ಕಹಿವಿಷವಾಗುವುದು ಹೂವಿಗಿಂತ ಹೆಚ್ಚಾಗಿ ಈ ತೊಟ್ಟಿನಿಂದ.

5. ಪುಟಾಣಿ ಹಿಟ್ಟನ್ನು ಬಟ್ಟಲಲ್ಲಿ ಸ್ವಲ್ಪ ನೀರು ಹಾಕಿ ಕಲಸಿ. ನೇರವಾಗಿ ಗಡಿಗೆಗೆ ಸುರಿದರೆ ಗಂಟು ಗ್ಯಾರಂಟಿ. ಮನೆಯಲ್ಲಿ ಹಿಟ್ಟಿಲ್ಲದಿದ್ದರೆ ಪುಟಾಣಿಯನ್ನು ಮಿಕ್ಸಿ ಜಾರ್‌ನಲ್ಲಿ ಎರಡು ಸುತ್ತು ತಿರುಗಿಸಿ.

6. ಬೆಲ್ಲದ ನೀರು, ಹುಣಸೆ ರಸ, ಕಲಸಿದ ಹಿಟ್ಟು, ಉಳಿದ ನೀರು, ಏಲಕ್ಕಿ ಎಲ್ಲವನ್ನೂ ಗಡಿಗೆಗೆ ಹಾಕಿ ಸೌಟಿನಿಂದ ತಿರುವಿ.

7. ಮಾವಿನಕಾಯಿ ತುರಿದು ಸೇರಿಸಿ. ಈಗ ರುಚಿ ನೋಡಿ. ಹುಳಿ ಮುಂದಾಗಿದ್ದರೆ ಇನ್ನಷ್ಟು ಬೆಲ್ಲ ಹಾಕಿ.

8. ಬಾಳೆಹಣ್ಣು ಹೆಚ್ಚಿ ಹಾಕಿ. ಯಾವ ಬಾಳೆಯೂ ಆದೀತು, ಆದರೆ ನಮ್ಮಲ್ಲಿ ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆ ಇರುವಾಗ ಬೇರೆ ಏಕೆ? ಅದಕ್ಕೆ ಜಿಐ ಮಾನ್ಯತೆಯೂ ಇದೆ. ಫಸಲಿಗೆ ಬೇರೆ ಬಾಳೆಗಿಂತ ಹೆಚ್ಚು ಕಾಲ ಬೇಕು, ಹಾಗಾಗಿ ತುಸು ತುಟ್ಟಿ. ಸಿಪ್ಪೆ ಕೆಂಪಾಗಿದೆ ಎಂದು ಹಣ್ಣಾಗಿದೆ ಅಂದುಕೊಳ್ಳಬೇಡಿ, ಕಾಯಿಯೂ ಕೆಂಪೇ. ಒತ್ತಿದರೆ ಬೆರಳು ತುಸು ಇಳಿಯಬೇಕು. ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ.

9. ಪೂಜೆಗೆ ಕೂರುವ ಮುನ್ನ ಹೂ ಉದುರಿಸಿ. ಬೆಳಿಗ್ಗೆಯೇ ಹಾಕಿಟ್ಟರೆ ಕಹಿ ನೀರಿಗೆ ಇಳಿದು ಮಕ್ಕಳು ಲೋಟ ಮುಟ್ಟುವುದಿಲ್ಲ.

10. ನೈವೇದ್ಯವಾದ ಮೇಲೆ, ಪ್ರತಿ ಸಲ ಅಡಿಯಿಂದ ತಿರುವಿ ಲೋಟಕ್ಕೆ ಹಾಕಿ. ಈ ಬಿಸಿಲಿಗೆ ಬೇವು ಸಂಜೆವರೆಗೆ ತಾಳುವುದಿಲ್ಲ, ಹುಳಿ ಬರುತ್ತದೆ. ಮಿಕ್ಕದ್ದನ್ನು ಮಧ್ಯಾಹ್ನದೊಳಗೆ ಓಣಿಯ ನಾಲ್ಕು ಮನೆಗೆ ಕೊಟ್ಟುಬಿಡಿ.