ಆಯ್ದಕ್ಕಿಯ ಮನೆವಾರ್ತೆ

ಗೃಹಸ್ಥನಾದ ಭಕ್ತನಿಗೆ ಮನೆಯ ಸುಖವು ಸಲ್ಲುವುದೋ ಸಲ್ಲದೋ ಎಂಬ ಶಂಕೆ ಹೊಸದಲ್ಲ. ಸತಿಪತಿಗಳು ಕೂಡಿ ರುಚಿಯಾಗಿ ಅಟ್ಟುಣ್ಣುವುದು, ದುಡಿಮೆ ತೀರಿದ ಸಂಜೆಯನ್ನು ಹಾಡು ಓದುಗಳಲ್ಲಿ ಕಳೆಯುವುದು, ಹಿತ್ತಿಲಲ್ಲಿ ನಾಲ್ಕು ಗಿಡ ಬೆಳೆಸಿ ಅವುಗಳ ಮುಂದೆ ನಿಂತು ನಲಿಯುವುದು, ಮಕ್ಕಳು ಮೊಮ್ಮಕ್ಕಳೊಡನೆ ನಗುವುದು, ಇವೆಲ್ಲ ಸಂಸಾರದ ಬಲೆಯೆಂದೂ ಮುಕ್ತಿಯ ದಾರಿಯು ಹೊಸ್ತಿಲಿನಾಚೆಗೆ ಮಾತ್ರ ಇರುವುದೆಂದೂ ಎಣಿಸುವವರು ಇಂದಿಗೂ ಇದ್ದಾರೆ. ಇಂಥವರು ಶರಣರ ಬಾಳನ್ನು ಸರಿಯಾಗಿ ನೋಡಿದವರಲ್ಲ. ಕಲ್ಯಾಣದಲ್ಲಿ ನೆರೆದ ಶರಣರಲ್ಲಿ ಬಹುಮಂದಿ ಮಡದಿಮಕ್ಕಳುಳ್ಳವರು. ಹಗ್ಗ ಹೊಸೆಯುವವರು, ಸೌದೆ ಮಾರುವವರು, ದೋಣಿ ನಡೆಸುವವರು. ಅವರ ಧರ್ಮವು ಒಲೆಯ ಮುಂದೆಯೂ ನಡೆದ ಧರ್ಮ. ಆದರೆ ಮನೆಯ ಸುಖವೆಲ್ಲ ತಾನಾಗಿಯೇ ಪ್ರಸಾದವಾಗಿಬಿಡುವುದೆಂದು ಅವರು ಹೇಳಲಿಲ್ಲ. ಎಲ್ಲಿಯವರೆಗೆ ಅದು ಪ್ರಸಾದ, ಎಲ್ಲಿಂದ ಮುಂದೆ ಅದು ಬರಿಯ ಆಸೆ ಎಂಬುದನ್ನು ಅಳೆದು ತೋರಿಸಿದ ದಂಪತಿಗಳು ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯವರೇ ಆಗಿರುವುದು ಆ ನಾಡಿನ ಭಾಗ್ಯ.

ದೇವದುರ್ಗದಿಂದ ಪಶ್ಚಿಮದ ಕಡೆಗೆ ಸಾಗಿದರೆ ಲಿಂಗಸುಗೂರು ತಾಲೂಕಿನ ಗುರುಗುಂಟಾದ ಬಳಿ ಅಮರೇಶ್ವರ ಕ್ಷೇತ್ರವು ಸಿಗುವುದು. ಆಯ್ದಕ್ಕಿಯ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಈ ಸ್ಥಳದವರು. ಹನ್ನೆರಡನೆಯ ಶತಮಾನದಲ್ಲಿ ಇವರು ಊರು ಬಿಟ್ಟು ಕಲ್ಯಾಣಕ್ಕೆ ಹೋದರು. ಆದರೆ ಊರ ದೇವರ ಹೆಸರನ್ನು ಬಿಡಲಿಲ್ಲ. ಮಾರಯ್ಯನವರ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನಿಗೆ ಪ್ರಿಯನಾದ ದೇವರೇ ತನ್ನ ದೇವರು ಎಂದು ಆಕೆ ಒಪ್ಪಿಕೊಂಡಿರುವಳು. ಇದನ್ನು ನೋಡಿ ಲಕ್ಕಮ್ಮನು ಗಂಡನ ನೆರಳಿನಂತಿದ್ದವಳು ಎಂದು ಯಾರಾದರೂ ತಿಳಿದರೆ ಮುಂದಿನ ಪ್ರಸಂಗವು ಆ ತಿಳಿವಳಿಕೆಯನ್ನು ತಿದ್ದುವುದು.

ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ದಾಸೋಹ. ರಾಶಿ ರಾಶಿಯಾಗಿ ಅಕ್ಕಿಯನ್ನು ಅಳೆಯುವಾಗ, ಹೊರುವಾಗ, ಕೇರುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುವುದು ಸಹಜ. ಆ ಕಾಳುಗಳನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ನೆಲದಿಂದ ಆಯ್ದ ಅಕ್ಕಿಯಲ್ಲಿ ಮಣ್ಣು ಕಲ್ಲು ಇಲ್ಲದಿರುವುದಿಲ್ಲ. ಅದನ್ನು ಹಸನು ಮಾಡಿ, ತೊಳೆದು, ಅಟ್ಟು, ಜಂಗಮಕ್ಕೆ ನೀಡಿ, ಉಳಿದುದನ್ನು ಇಬ್ಬರೂ ಪ್ರಸಾದವೆಂದು ಕೊಳ್ಳುವುದು ಆ ಮನೆಯ ನಿತ್ಯಕ್ರಮ. ಒಬ್ಬರ ಕೈ ಆಯುವ ಕೈ, ಇನ್ನೊಬ್ಬರ ಕೈ ಅಡುವ ಕೈ. ಎರಡೂ ಕೂಡಿದಾಗಲೇ ಒಂದು ಕಾಯಕ ಪೂರ್ತಿಯಾಗುವುದು.

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಕಥೆಗೆ ಬೇರೆಯೇ ಒಂದು ಸ್ಥಾನವುಂಟು. ಒಂದು ದಿನ ಮಾರಯ್ಯನವರು ಶರಣರ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತರು. ಹೊತ್ತು ಏರಿತು. ಕಾಯಕ ನಿಂತಿತು. ಅದನ್ನು ನೆನಪಿಸಿ ಅವರನ್ನು ಎಬ್ಬಿಸಿದವರು ಲಕ್ಕಮ್ಮನವರು. ಮುಂದೆ ಇನ್ನೊಂದು ದಿನ, ಈ ಬಡ ದಂಪತಿಗಳ ನಿಷ್ಠೆಯನ್ನು ನೋಡಬೇಕೆಂದು ಬಸವಣ್ಣನವರು ಅಂಗಳದಲ್ಲಿ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಚೆಲ್ಲುವಂತೆ ಮಾಡಿದರು. ಮಾರಯ್ಯನವರು ಎಂದಿನಂತೆ ಆಯ್ದರು, ಎಂದಿಗಿಂತ ಹೆಚ್ಚಾಯಿತು, ಸೆರಗು ತುಂಬಿ ಮನೆಗೆ ತಂದರು. ಲಕ್ಕಮ್ಮನವರು ನೋಡಿದ ಕೂಡಲೆ ತಡೆದರು. ಈ ಹೆಚ್ಚಿನ ಅಕ್ಕಿ ಎಲ್ಲಿಂದ ಬಂದಿತು, ಈ ಆಸೆ ನಿಮ್ಮದೋ ಬಸವಣ್ಣನವರದೋ, ಇಷ್ಟು ನಮಗೆ ಏತಕ್ಕೆ ಎಂದು ಕೇಳಿದರು. ಆಸೆಯು ಅರಸರಿಗೆ ಇರಬಹುದು, ಭಕ್ತರಿಗೆ ಸಲ್ಲದೆಂದರು. ಮಾರಯ್ಯನವರು ಎದುರಾಡದೆ ಹಿಂದಿರುಗಿ ಹೆಚ್ಚಿನದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬಂದರು. ಅನಂತರ ಆ ದಿನದ ಪಾಲಿನ ಅಕ್ಕಿಯಲ್ಲಿಯೇ ಲಕ್ಕಮ್ಮನವರು ಅಡುಗೆ ಮಾಡಿ ಕಲ್ಯಾಣದ 1,96,000 ಜಂಗಮರನ್ನು ತಣಿಸಿದರೆಂದು ಕಥೆ ಹೇಳುವುದು. ಎಣಿಕೆಯನ್ನು ಭಕ್ತಿಯ ಎಣಿಕೆಯೆಂದೇ ತಿಳಿಯಬಹುದು. ಮರೆಯಬಾರದ ಮಾತೆಂದರೆ, ಅಷ್ಟು ಮಂದಿಗೆ ಉಣಬಡಿಸುವ ದಿನವೂ ಆಕೆ ಮರಳಿಸಿದ ಅಕ್ಕಿಯನ್ನು ಬೇಡಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಿರಾಸೆಯನ್ನು ಹೊಗಳಿ ಮುಗಿಸುವರು. ಅಷ್ಟಕ್ಕೇ ನಿಂತರೆ ಕಥೆಯ ಅರ್ಧ ಕೈತಪ್ಪುವುದು. ಹೆಚ್ಚಾಯಿತೆಂದು ಲಕ್ಕಮ್ಮನವರಿಗೆ ಹೇಗೆ ತಿಳಿಯಿತು? ಅಡುವ ಕೈಗೆ ಅಳತೆ ಗೊತ್ತಿರುವುದರಿಂದ ತಿಳಿಯಿತು. ದಿನವೂ ಅದೇ ಅಕ್ಕಿಯನ್ನು ತೊಳೆದವಳಿಗೆ ಒಂದು ಹಿಡಿ ಹೆಚ್ಚು ಕಡಿಮೆಯಾದರೂ ಬೆರಳೇ ಹೇಳಿಕೊಡುವುದು. ಅಂಗಳದಲ್ಲಿ ಆಯ್ದವನಿಗೆ ಕಾಣದ ಆಸೆ ಒಲೆಯ ಬಳಿ ಕಂಡಿತು. ಅಡುಗೆಮನೆಯನ್ನು ಅಜ್ಞಾನದ ಮೂಲೆಯೆಂದು ತಿಳಿಯುವವರು ಇದನ್ನು ಗಮನಿಸಬೇಕು. ಇನ್ನೂ ಒಂದು ಮಾತುಂಟು. ಹೆಂಡತಿ ಹೇಳಿದಳೆಂದು ಗಂಡನು ಹಿಂದಿರುಗಿ ಹೋದನಲ್ಲ, ಆ ನಡೆಯೂ ಚಿಕ್ಕದಲ್ಲ. ತಂದದ್ದನ್ನು ತಿರುಗಿ ಕೊಟ್ಟು ಬಾ ಎಂದಾಗ ಎಷ್ಟು ಮಂದಿ ಗಂಡಂದಿರು ಮುಖ ಸಿಂಡರಿಸದೆ ಎದ್ದಾರು?

ಹಾಗಾದರೆ ಆ ಮನೆಯಲ್ಲಿ ಸುಖವಿರಲಿಲ್ಲವೇ? ರುಚಿಗೆ ಅಲ್ಲಿ ಎಡೆಯಿರಲಿಲ್ಲವೇ? ಇಲ್ಲಿ ಶರಣರ ಅರ್ಪಿತದ ಬೋಧೆಯನ್ನು ನೆನೆಯಬೇಕು. ಪದಾರ್ಥದ ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕೆಂಬುದು ಆ ಬೋಧೆ. ರುಚಿಯನ್ನು ಕೊಲ್ಲಬೇಕೆಂದು ಇಲ್ಲಿ ಹೇಳಿಲ್ಲ. ರುಚಿಯಿಲ್ಲದ ಅಡುಗೆಯಲ್ಲಿ ಅರ್ಪಿಸುವುದಕ್ಕೆ ಏನಿದ್ದೀತು? ಉಪ್ಪು ಹುಳಿ ಖಾರಗಳು ಹದವಾಗಿ ಬೆರೆತಾಗ ನಾಲಗೆಗೆ ಆಗುವ ಹಿತವನ್ನು ತನ್ನದೆಂದು ಮುಚ್ಚಿಟ್ಟುಕೊಳ್ಳದೆ, ಒಳಗಿರುವ ಲಿಂಗಕ್ಕೆ ಅದನ್ನು ಮುಟ್ಟಿಸಿ ಮರಳಿ ಪಡೆಯುವುದೇ ಪ್ರಸಾದ. ಮನಸ್ಸಿಟ್ಟು ಅಡುಗೆ ಮಾಡುವುದು ಆದಕಾರಣ ಪೂಜೆಗೆ ಹೊರತಲ್ಲ. ಕಾಯಕದಲ್ಲಿ ತೊಡಗಿದವನು ಗುರು ಬಂದರೂ ಪೂಜೆಯ ವೇಳೆಯಾದರೂ ಕೈಬಿಡಲಾಗದೆಂದು ಮಾರಯ್ಯನವರು ಹೇಳಿದ್ದು ಒಲೆಯ ಮುಂದಿನ ಕಾಯಕಕ್ಕೂ ಅಷ್ಟೇ ಸಲ್ಲುವುದು.

ದೇವದುರ್ಗದ ಬಡಗಣ ಎಲ್ಲೆಯಲ್ಲಿ ಕೃಷ್ಣೆ ಹರಿಯುವಳು. ನದಿಯನ್ನು ದಾಟಿದರೆ ಸುರಪುರ ಸೀಮೆ; ಅಲ್ಲಿಯ ಮುದನೂರು ಜೇಡರ ದಾಸಿಮಯ್ಯನವರ ಊರು. ಬಸವಣ್ಣನವರಿಗಿಂತ ಹಿಂದಿನವರಾದ ಈ ನೇಕಾರ ಶರಣರು ತಮ್ಮ ಮಡದಿ ದುಗ್ಗಳೆಯನ್ನು ಕುರಿತು ಆಡಿರುವ ಮಾತು ಸಂಸಾರಿಗಳೆಲ್ಲರೂ ಅರಿಯತಕ್ಕದ್ದು. ಮನೆಗೆ ಏನು ಬಂದಿದೆಯೆಂಬುದನ್ನು ತಿಳಿದು ಅದರಂತೆ ಬಳಸುವಳು, ಬಂದುದರಲ್ಲಿಯೇ ಸಂತೋಷ ತುಂಬುವಳು, ಇಂಥವಳನ್ನು ತಂದು ತಾನು ಬದುಕಿದೆನು ಎಂದು ಅವರು ಕೃತಜ್ಞತೆಯನ್ನು ತೋಡಿಕೊಂಡಿರುವರು. ಹೆಂಡತಿಯ ಮನೆವಾರ್ತೆಯನ್ನು ದೇವರ ಮುಂದೆ ನಿಂತು ಹೊಗಳಿದ ಗಂಡನೀತ. ನೂರು ದಿನ ಸುಮ್ಮನೆ ಉಂಡು, ಒಂದು ದಿನ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಸರಿಸುವವರಿಗೆ ದಾಸಿಮಯ್ಯನವರಿಂದ ಕಲಿಯುವುದು ಬಹಳವಿದೆ.

ಲಕ್ಕಮ್ಮನವರ ಪ್ರಶ್ನೆ ಅವರ ಸೀಮೆಯಲ್ಲಿಯೇ ಈಗ ಬೇರೊಂದು ರೂಪದಲ್ಲಿ ನಿಂತಿದೆ. ಕಪ್ಪು ನೆಲದ ಈ ನಾಡು ಜೋಳದ ನಾಡು; ಅನ್ನವು ಹಬ್ಬಕ್ಕೊಮ್ಮೆ, ಬೀಗರು ಬಂದಾಗೊಮ್ಮೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿದ ಮೇಲೆ ಎಡದಂಡೆಯ ಉದ್ದಕ್ಕೂ ಗದ್ದೆಗಳಾದವು. ಮಾನ್ವಿಯ ಕಡೆಗೂ ಭತ್ತ ಬಂದಿತು, ರಾಯಚೂರಿನಲ್ಲಿ ಅಕ್ಕಿಯ ಗಿರಣಿಗಳು ಎದ್ದವು. ದೇವದುರ್ಗದ ನೆಲಕ್ಕೆ ಮುಂದೆ ನಾರಾಯಣಪುರ ಬಲದಂಡೆಯ ಕಾಲುವೆ ನೀರು ತಂದಿತು. ಈ ಸಮೃದ್ಧಿ ಯಾರಿಗೆ ಬೇಡ? ಆದರೆ ಎಡದಂಡೆಯನ್ನು ಯೋಜಿಸಿದವರು ಬಹುಭಾಗ ಕಡಿಮೆ ನೀರು ಕುಡಿಯುವ ಬೆಳೆಗಳಿಗೆಂದು ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತವು ಲೆಕ್ಕ ಮೀರಿ ಹಬ್ಬಿದುದರಿಂದ ಕಾಲುವೆಯ ತುದಿಯಲ್ಲಿರುವ ಮಾನ್ವಿ ರಾಯಚೂರುಗಳ ಹೊಲಗಳು ಎಷ್ಟೋ ವರ್ಷ ನೀರಿಗಾಗಿ ಕಾಯುತ್ತ ನಿಲ್ಲುವಂತಾಗಿದೆ. ಒಬ್ಬರ ಸೆರಗಿನಲ್ಲಿ ಹೆಚ್ಚಾದ ಅಕ್ಕಿ ಇನ್ನೊಬ್ಬರ ಅಂಗಳದಲ್ಲಿ ಕಡಿಮೆಯಾದ ಅಕ್ಕಿ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಗೃಹಿಣಿಯು ಕಂಡುಕೊಂಡ ಲೆಕ್ಕವಿದು.

ಇನ್ನು ಮನೆಯೊಳಗಿನ ಮಾತು. ರಾಯಚೂರಿನ ಕಡೆಯ ಅಡುಗೆಯಲ್ಲಿ ಆಡಂಬರವಿಲ್ಲ, ಆದರೆ ಅದು ಸೋಮಾರಿಗಳ ಅಡುಗೆಯೂ ಅಲ್ಲ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಸೀಳುವುದು. ಕುದಿಯುವ ನೀರನ್ನು ಹಾಕಿ, ಕೈ ಸುಡುವಾಗಲೇ ನಾದಿ, ಅಂಚು ಒಡೆಯದಂತೆ ಬಡಿದು, ಹಂಚಿನ ಮೇಲೆ ಹಾಕಿ ನೀರು ಸವರಿ ತಿರುವಿ ಹಾಕಿದಾಗ ಅದು ಉಬ್ಬುವುದು. ಅದರೊಡನೆ ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಬಟ್ಟಲು ಮೊಸರು. ಬೇಸಗೆಯಲ್ಲಿ ಈ ಸೀಮೆಯ ಬಿಸಿಲನ್ನು ಬಲ್ಲವರಿಗೆ ಒಲೆಯ ಮುಂದೆ ಕುಳಿತು ಇಪ್ಪತ್ತು ರೊಟ್ಟಿ ಬಡಿಯುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಆಗ ಮನೆಯ ಯಜಮಾನನು ಜಗಲಿಯ ಮೇಲೆ ಗಾಳಿಗೆ ಕುಳಿತು ದಾಸೋಹದ ಮಹಿಮೆಯನ್ನು ವಿವರಿಸುತ್ತಿದ್ದರೆ ಅದು ಯಾರ ದಾಸೋಹ? ಪುಂಡಿಸೊಪ್ಪನ್ನು ಬಿಡಿಸುವುದಕ್ಕೆ, ಶೇಂಗಾ ಹುರಿದು ಸಿಪ್ಪೆ ತಿಕ್ಕುವುದಕ್ಕೆ, ಅಕ್ಕಿ ಆರಿಸುವುದಕ್ಕೆ ಗಂಡಸಿನ ಕೈಯೂ ಒಗ್ಗುವುದು. ಅಕ್ಕಿಯನ್ನು ಆಯುವುದನ್ನೇ ಕಾಯಕವಾಗಿ ಮಾಡಿಕೊಂಡ ಪುರುಷನೊಬ್ಬನನ್ನು ಶರಣನೆಂದು ಪೂಜಿಸುವ ಸಮಾಜದಲ್ಲಿ ಆ ಕೆಲಸಕ್ಕೆ ನಾಚುವುದು ವಿಚಿತ್ರವೇ ಸರಿ. ಸತಿಪತಿಗಳು ಒಂದಾಗಿ ಮಾಡುವ ಭಕ್ತಿಯೇ ಶಿವನಿಗೆ ಹಿತವೆಂಬ ದಾಸಿಮಯ್ಯನವರ ಭಾವವನ್ನು ಪೂಜೆಯ ಮಣೆಗೆ ಮಾತ್ರ ಮೀಸಲಿಡಬಾರದು.

ವಿರಾಮದ ವೇಳೆಯ ಹವ್ಯಾಸಗಳಿಗೂ ಇದೇ ನ್ಯಾಯ. ಕಿನ್ನರಿಯ ಬೊಮ್ಮಯ್ಯನವರ ಹೆಸರಿನಲ್ಲಿಯೇ ವಾದ್ಯವಿದೆ. ಶರಣರು ನಾದವನ್ನು ದೂರವಿಟ್ಟವರಲ್ಲ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಹಿಂದುಸ್ತಾನಿ ಸಂಗೀತದ ಪಂಡಿತರಾಗಿ ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. ರಾಯಚೂರು ನಗರದ ರಂಗಮಂದಿರವು ಅವರ ಹೆಸರನ್ನು ಹೊತ್ತಿದೆ. ಮಾನ್ವಿಯಂತೂ ಜಗನ್ನಾಥದಾಸರಂಥ ಹರಿದಾಸರ ನೆಲ. ಮತ ಬೇರೆಯಾದರೂ ಮನೆಯ ಪಡಸಾಲೆಯಲ್ಲಿ ಕುಳಿತು ದೇವರನ್ನು ಹಾಡುವ ರೂಢಿ ಅಲ್ಲಿಯೂ ಬಲವಾಗಿದೆ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸುವುದಕ್ಕೆ ಮುನ್ನ ವಚನಗಳ ತಾಳೆಯೋಲೆಗಳು ಎಷ್ಟೋ ಮನೆಗಳಲ್ಲಿ ಬಟ್ಟೆ ಸುತ್ತಿ ಇಟ್ಟವಾಗಿದ್ದವು, ಪೂಜೆ ಮಾತ್ರ ನಡೆಯುತ್ತಿತ್ತು, ಓದು ನಿಂತಿತ್ತು. ಇಂದು ಪುಸ್ತಕಗಳು ಸುಲಭವಾಗಿ ಸಿಗುವುವು. ಊಟವಾದ ಮೇಲೆ ಒಂದು ವಚನವನ್ನು ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳಿದರೆ ಅದಕ್ಕಿಂತ ಸೊಗಸಾದ ಕಾಲಕ್ಷೇಪ ಬೇಕೇ? ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದೂ ಒಳ್ಳೆಯ ಹವ್ಯಾಸವೇ. ಅತ್ತೆಯ ಸೀರೆ, ಮಗಳ ಲಂಗ, ಗಂಡನ ಪಂಚೆ ಒಂದೇ ಕೌದಿಯಲ್ಲಿ ಕೂಡುವುವು.

ಹವ್ಯಾಸವನ್ನು ಪರೀಕ್ಷಿಸುವುದಕ್ಕೂ ಲಕ್ಕಮ್ಮನವರ ಪ್ರಶ್ನೆಯೇ ಸಾಕು: ಇದು ಯಾರ ಪಾಲಿನಿಂದ ಬಂದಿತು? ಗಂಡನ ಇಸ್ಪೀಟಿನ ಸಂಜೆಯು ಹೆಂಡತಿಯ ವಿಶ್ರಾಂತಿಯನ್ನು ತಿಂದು ಬಂದಿದ್ದರೆ, ತಾಯಿಯ ಒಡವೆಯ ಹುಚ್ಚು ಮಗಳ ಓದಿನ ಹಣದಿಂದ ಬಂದಿದ್ದರೆ, ಅದು ಹೆಚ್ಚಿನ ಅಕ್ಕಿ. ಈಚಿನ ದಿನಗಳಲ್ಲಿ ಒಂದೇ ಮನೆಯ ನಾಲ್ವರು ನಾಲ್ಕು ಮೊಬೈಲುಗಳನ್ನು ಹಿಡಿದು, ತಟ್ಟೆಯಲ್ಲಿ ಏನು ಬಡಿಸಿದೆಯೆಂದು ನೋಡದೆ ಉಣ್ಣುವುದು ಕಾಣಬರುತ್ತಿದೆ. ರುಚಿಯನ್ನು ಅರಿಯದೆ ನುಂಗಿದ ಮೇಲೆ ಅರ್ಪಿತದ ಮಾತೆಲ್ಲಿ? ಅಟ್ಟವರ ಶ್ರಮಕ್ಕೂ ಅದು ಅವಮಾನ.

ಇವೆಲ್ಲವೂ ಒಂದೇ ದಿನದಲ್ಲಿ ಕೂಡಿಬರುವುದನ್ನು ನೋಡಬೇಕಾದರೆ ಎಳ್ಳಮಾವಾಸ್ಯೆಯಲ್ಲಿ ನೋಡಬೇಕು. ಹಿಂದಿನ ರಾತ್ರಿಯಿಂದಲೇ ಮನೆಯಲ್ಲಿ ಯಾರೂ ಸುಮ್ಮನೆ ಕೂಡುವಂತಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಬದನೆಯ ಪಲ್ಯ, ಪುಂಡಿಪಲ್ಯಗಳು ಬುಟ್ಟಿ ಸೇರುವುವು. ಬೆಳಿಗ್ಗೆ ಮುದುಕರು ಮಕ್ಕಳಾದಿಯಾಗಿ ಎಲ್ಲರೂ ಹೊಲಕ್ಕೆ ನಡೆಯುವರು. ಹಿಂಗಾರಿಯ ಜೋಳ ಆಳೆತ್ತರ ನಿಂತಿರುವುದು. ಪೂಜೆಯಾದ ಕೂಡಲೆ ಊಟಕ್ಕೆ ಕೂಡುವುದಿಲ್ಲ. ಮೊದಲು ಚರಗ ಚೆಲ್ಲಬೇಕು. ಗಂಡಸರು ಹುಡುಗರು ಬುಟ್ಟಿ ಹಿಡಿದು ಪೈರಿನ ಸಾಲುಗಳಲ್ಲಿ ಕೂಗುತ್ತ ಸುತ್ತಿ, ಮನೆಯಲ್ಲಿ ಅಟ್ಟದ್ದೆಲ್ಲದರ ಪಾಲನ್ನು ನೆಲಕ್ಕೆ ಎರಚುವರು. ಹಕ್ಕಿಗೆ, ಇರುವೆಗೆ, ಹುಳಕ್ಕೆ ಅದು ಸೇರುವುದು. ಆಮೇಲೆ ನೆರೆಹೊಲದವರು, ಆಳುಮಕ್ಕಳು, ದಾರಿಯಲ್ಲಿ ಹೋಗುವವರು ಎಲ್ಲರೂ ಒಂದೇ ಸಾಲಿನಲ್ಲಿ. ಪೇಟೆಯಲ್ಲಿರುವವರು ಹೊಲವಿಲ್ಲದಿದ್ದರೂ ಆ ದಿನ ಪರಿಚಿತರ ಹೊಲಕ್ಕೆ ಬರುವರು, ಅವರಿಗೂ ಎಲೆಯುಂಟು. ಸಂಜೆ ಮನೆಗೆ ಮರಳುವಾಗ ಗೃಹಿಣಿಯು ಬುಟ್ಟಿಯ ಬಟ್ಟೆಯನ್ನು ಸರಿಸಿ ನೋಡಿ, ತಳದಲ್ಲಿ ಉಳಿದ ಎರಡು ರೊಟ್ಟಿಗಳನ್ನು ಹೊಲ ಕಾಯುವವನ ಕೈಯಲ್ಲಿಟ್ಟು ಬರುವಳು.