ಕಾಣದ ಕಿಟಕಿ ಎಲ್ಲಿದೆ?

ಸೊರಬದ ಕಡೆಯಿಂದ ಶಿಕಾರಿಪುರಕ್ಕೆ ಓದಲು ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ಗಣಕದ ಮುಂದೆ ಕಳವಳಗೊಂಡು ಕುಳಿತಿದ್ದನು. ಹಿಂದಿನ ದಿನ ಅದಕ್ಕೆ ಪ್ರೊಜೆಕ್ಟರನ್ನು ಜೋಡಿಸಿ, ತನ್ನ ಪ್ರಯೋಗದ ವರದಿಯನ್ನು ಗೋಡೆಯ ಮೇಲೆ ತೋರಿಸಿದ್ದನು. ಇಂದು ಪ್ರೊಜೆಕ್ಟರು ಇಲ್ಲ. ವರ್ಡ್ ತಂತ್ರಾಂಶವನ್ನು ತೆರೆದರೆ ಪರದೆಯ ತಳದ ಪಟ್ಟಿಯಲ್ಲಿ ಅದರ ಗುರುತು ಮೂಡುತ್ತದೆ. ಬರಹ ಮಾತ್ರ ಕಾಣದು. ಒಂದು ತಿಂಗಳ ಅಳತೆಗಳೆಲ್ಲವೂ ಹಾಳಾದುವೆಂದು ಅವನು ಬಗೆದಿದ್ದನು. ವಾಸ್ತವವಾಗಿ ವರದಿಗೆ ಏನೂ ಆಗಿರಲಿಲ್ಲ. ಅದರ ಕಿಟಕಿಯು ಪರದೆಯ ಹೊರಗೆ ತೆರೆದುಕೊಂಡಿತ್ತು, ಅಷ್ಟೆ.

ಇದು ಹೇಗೆ ಸಾಧ್ಯವೆಂಬುದನ್ನು ನೋಡೋಣ. ಗಣಕವು ಕಿಟಕಿಯ ಸ್ಥಾನವನ್ನು ನಾಲ್ಕು ಸಂಖ್ಯೆಗಳಿಂದ ಅರಿಯುತ್ತದೆ: ಎಡಮೇಲಿನ ಮೂಲೆಯ ಎರಡು ನಿರ್ದೇಶಾಂಕಗಳು, ಅಗಲ ಮತ್ತು ಎತ್ತರ. ಫ್ರಾನ್ಸಿನ ಡೆಕಾರ್ಟನು 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಯಿಂದ ಬೆಳೆದುಬಂದ ವಿಧಾನವೇ ಇದು. ಆದರೆ ನಮ್ಮ ನಕ್ಷೆಕಾಗದದಲ್ಲಿ ಲಂಬ ಅಳತೆಯು ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಗಣಕದಲ್ಲಿ ಮೂಲಬಿಂದುವು ಪರದೆಯ ಎಡಮೇಲಿನ ಮೂಲೆಯಾದುದರಿಂದ ಕೆಳಕ್ಕೆ ಇಳಿದಂತೆ ಹೆಚ್ಚುತ್ತದೆ. ಹಳೆಯ ಕ್ಯಾಥೋಡ್ ಕಿರಣ ನಳಿಗೆಯಲ್ಲಿಯೂ ಇಲೆಕ್ಟ್ರಾನುಗಳ ಕಿರಣವು ಆ ಮೂಲೆಯಿಂದಲೇ ಹೊರಟು ಸಾಲುಸಾಲಾಗಿ ಕೆಳಗಿಳಿಯುತ್ತಿತ್ತು.

ಸ್ಥಾನವನ್ನು ಹೇಳುವಾಗ ಮೂಲಬಿಂದುವನ್ನೂ ಎಣಿಕೆಯ ದಿಕ್ಕನ್ನೂ ಮರೆಯಲಾಗದು. ಪೂರ್ವದ ದೂರವನ್ನು ಧನವೆಂದು ಎಣಿಸಿರಿ. ಶಿರಾಳಕೊಪ್ಪವು ಶಿಕಾರಿಪುರಕ್ಕೆ ಪಶ್ಚಿಮದಲ್ಲಿದೆ, ಸೊರಬಕ್ಕೆ ಪೂರ್ವದಲ್ಲಿದೆ. ಶಿಕಾರಿಪುರದಿಂದ ಅಳೆದರೆ ಅದರ ನಿರ್ದೇಶಾಂಕವು ಋಣ, ಸೊರಬದಿಂದ ಅಳೆದರೆ ಧನ. ಊರು ಕದಲಲಿಲ್ಲ, ಸಂಖ್ಯೆ ಬದಲಾಯಿತು.

ವಿಂಡೋಸ್ ವ್ಯವಸ್ಥೆಯಲ್ಲಿ ಮುಖ್ಯ ಪರದೆಯ ಎಡಮೇಲಿನ ಮೂಲೆಯೇ ಸೊನ್ನೆ. ಅಗಲದಲ್ಲಿ 1920, ಎತ್ತರದಲ್ಲಿ 1080 ಚುಕ್ಕೆಗಳಿರುವ ಪರದೆಯ ಬಲಕ್ಕೆ ಎರಡನೆಯದನ್ನು ಜೋಡಿಸಿದರೆ, ಅದರ ಅಡ್ಡ ಎಣಿಕೆ 1920ರಿಂದ ಆರಂಭವಾಗುತ್ತದೆ; ಎಡಕ್ಕೆ ಜೋಡಿಸಿದರೆ ಸಂಖ್ಯೆಗಳು ಋಣವಾಗುತ್ತವೆ. ನಮ್ಮ ವಿದ್ಯಾರ್ಥಿಯ ಕಿಟಕಿಯು 2200ರಲ್ಲಿ ಮುಚ್ಚಲ್ಪಟ್ಟಿತ್ತೆಂದು ಭಾವಿಸಿರಿ. ತಂತ್ರಾಂಶವು ಆ ಸಂಖ್ಯೆಯನ್ನು ನೆನಪಿಟ್ಟುಕೊಂಡು ಮತ್ತೆ ಅಲ್ಲಿಯೇ ತೆರೆಯುತ್ತದೆ. ಸಂಖ್ಯೆ ಉಳಿದಿದೆ, ಅದು ಸೂಚಿಸುವ ಪರದೆ ಉಳಿದಿಲ್ಲ. ಕಿಟಕಿಯನ್ನು ವ್ಯವಸ್ಥೆಯೇ ಒಳಕ್ಕೆ ಎಳೆದುಕೊಳ್ಳುವುದುಂಟು. ಪ್ರತಿ ಸಲವೂ ಹಾಗಾಗುವುದಿಲ್ಲ.

ಪರಿಹಾರವು ಸುಲಭ. ತಳದ ಪಟ್ಟಿಯಲ್ಲಿ ಕಿಟಕಿಯನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಬಳಿಕ ಎಂ ಕೀಲಿಯನ್ನೂ ಯಾವುದಾದರೊಂದು ಬಾಣದ ಕೀಲಿಯನ್ನೂ ಒತ್ತಿ ಮೌಸನ್ನು ಸರಿಸಿದರೆ, ಕಿಟಕಿಯು ಅದರೊಡನೆ ಹಿಂಬಾಲಿಸಿ ಬರುತ್ತದೆ. ಕಿಟಕಿಯು ಪೂರ್ಣ ಪರದೆಯಷ್ಟು ಹಿಗ್ಗಿದ್ದರೆ ಈ ಕ್ರಮ ನಡೆಯದು. ಮೊದಲು ಆಲ್ಟ್, ಸ್ಪೇಸ್ ಒತ್ತಿ ಆರ್ ಕೀಲಿಯಿಂದ ಅದನ್ನು ಕುಗ್ಗಿಸಬೇಕು.

ಕಿಟಕಿಯು ನಿಮಗೆ ಬೇಕಾದೆಡೆಯಲ್ಲಿಯೇ ತೆರೆಯಬೇಕಾದರೆ, ಅದನ್ನು ಅಲ್ಲಿಗೆ ಎಳೆದು, ಅಳತೆಯನ್ನು ಸರಿಪಡಿಸಿ, ಬರಹವನ್ನು ಉಳಿಸಿ ಮುಚ್ಚಿರಿ. ಹಲವು ಕಿಟಕಿಗಳಿದ್ದರೆ ಇದನ್ನೇ ಕೊನೆಯಲ್ಲಿ ಮುಚ್ಚಬೇಕು; ಏಕೆಂದರೆ ಸಾಮಾನ್ಯವಾಗಿ ಕೊನೆಯದರ ಸ್ಥಾನವೇ ನೆನಪಿನಲ್ಲಿ ಉಳಿಯುವುದು. ಪ್ರೊಜೆಕ್ಟರನ್ನು ಕಳಚುವ ಮೊದಲು ಕಿಟಕಿಯನ್ನು ಮುಖ್ಯ ಪರದೆಗೆ ತಂದು ಮುಚ್ಚುವುದು ಒಳ್ಳೆಯ ಅಭ್ಯಾಸ.

ಆ ವಿದ್ಯಾರ್ಥಿಯ ವರದಿಯು ಅರ್ಧ ನಿಮಿಷದಲ್ಲಿ ಮರಳಿ ಬಂದಿತು. ತಂತ್ರಾಂಶವನ್ನೇ ಅಳಿಸಿ ಹೊಸದಾಗಿ ಹಾಕಲು ಅವನು ಹೊರಟಿದ್ದನು. ಕಾಣದಿರುವುದೆಲ್ಲವೂ ಇಲ್ಲವಾದುದಲ್ಲ, ಯಾವ ಮೂಲಬಿಂದುವಿನಿಂದ ಅಳೆಯುತ್ತಿದ್ದೇವೆಂಬುದನ್ನು ಮೊದಲು ಕೇಳಿಕೊಳ್ಳಬೇಕು.