ಎಳೆಗೂಸನ್ನು ದತ್ತು ಪಡೆಯುವ ಮುನ್ನ



ಅಣ್ಣತಮ್ಮಂದಿರ ಮಗುವನ್ನು ಮಡಿಲಿಗೆ ಹಾಕಿಸಿಕೊಂಡು ಸಾಕುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಿಂದೂ ಕುಟುಂಬಗಳಲ್ಲಿ ಇಂಥ ದತ್ತಕಕ್ಕೆ 1956ರ ಕಾನೂನು ಇದೆ. ದತ್ತಕ ಪತ್ರವನ್ನು ನೋಂದಾಯಿಸುವುದು ಒಳ್ಳೆಯದು. ಆದರೆ ಹೆತ್ತವರು ತೊರೆದ, ಇಲ್ಲವೆ ಒಪ್ಪಿಸಿಬಿಟ್ಟ ಕೂಸನ್ನು ತರುವ ದಾರಿ ಬೇರೆ. ಈ ಪಾಠ ಅದನ್ನು ಕುರಿತದ್ದು.

1. ದಲ್ಲಾಳಿಯನ್ನು ನಂಬಬಾರದು

"ಆಸ್ಪತ್ರೆಯಲ್ಲಿ ಒಂದು ಕೂಸಿದೆ, ಇಷ್ಟು ಹಣ ಕೊಟ್ಟರೆ ಇಂದೇ ಕೊಡಿಸುತ್ತೇನೆ" ಎಂದು ಯಾರಾದರೂ ಬಂದರೆ ಒಪ್ಪಬೇಡಿ. 2015ರ ಬಾಲನ್ಯಾಯ ಕಾನೂನಿನಂತೆ ಮಗುವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಐದು ವರ್ಷದವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿ ದಂಡವೂ ಉಂಟು. ಶಿಕ್ಷೆಗಿಂತ ದೊಡ್ಡ ಸಂಕಟ ಇನ್ನೊಂದಿದೆ. ಹಾಗೆ ತಂದ ಕೂಸನ್ನು, ನೀವು ಎಷ್ಟೇ ಅಕ್ಕರೆಯಿಂದ ಸಾಕಿದ್ದರೂ, ನಿಮ್ಮ ಮಡಿಲಿನಿಂದ ತೆಗೆದುಕೊಂಡು ಹೋಗಬಹುದು.

2. ಎರಡು ತಿಂಗಳು ಏಕೆ ಕಾಯಬೇಕು?

ಹೆತ್ತ ತಾಯಿ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದರೆ, ಮನಸ್ಸು ಬದಲಾಯಿಸಿ ಹಿಂದಕ್ಕೆ ಪಡೆಯಲು ಆಕೆಗೆ 60 ದಿನಗಳ ಅವಕಾಶವಿದೆ. ಬಾಣಂತನದ ದುಃಖದಲ್ಲಿ, ಬಡತನದಲ್ಲಿ, ಊರಿನ ಮಾತಿಗೆ ಅಂಜಿ ತೆಗೆದುಕೊಂಡ ತೀರ್ಮಾನವನ್ನು ಆಕೆ ಮತ್ತೆ ಯೋಚಿಸಬೇಕು. ಬಿಟ್ಟುಹೋದ ಕೂಸಾದರೆ, ಆ ಅವಧಿಯಲ್ಲಿ ಹೆತ್ತವರನ್ನು ಹುಡುಕುತ್ತಾರೆ. ಆದುದರಿಂದ ನಿಮ್ಮ ಮನೆಗೆ ಬರುವ ಕೂಸು ಅಂದೇ ಹುಟ್ಟಿದ್ದಾಗಿರುವುದಿಲ್ಲ. ಎರಡು ತಿಂಗಳಾದರೂ ತುಂಬಿರುತ್ತದೆ.

3. ಅರ್ಜಿಯ ಕ್ರಮ

ಕೋಲಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ, ಸರ್ಕಾರದ 'ಕೇರಿಂಗ್ಸ್' ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಮದುವೆಯಾಗಿ ಎರಡು ವರ್ಷ ಕಳೆದಿರಬೇಕು. ಎರಡು ವರ್ಷದೊಳಗಿನ ಮಗುವಿಗೆ ಗಂಡಹೆಂಡಿರ ವಯಸ್ಸು ಕೂಡಿದರೆ 85 ಮೀರಬಾರದು. ಗಂಡನಿಗೆ 45, ಹೆಂಡತಿಗೆ 38 ಆದರೆ ಮೊತ್ತ 83, ಅರ್ಹರು. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡುತ್ತಾರೆ. ಅವರು ನೋಡುವುದು ಸಿರಿವಂತಿಕೆಯನ್ನಲ್ಲ; ಆರೋಗ್ಯ, ಖಚಿತವಾದ ಆದಾಯ, ಮನೆಯವರ ಒಪ್ಪಿಗೆ. ಸರದಿ ಬರಲು ಹಲವು ವರ್ಷ ಹಿಡಿಯಬಹುದು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಆದೇಶವಾದ ಮೇಲೆ ಹೊಲಮನೆಯಲ್ಲಿ ಆ ಮಗುವಿಗೆ ಹೆತ್ತ ಮಗುವಿನಷ್ಟೇ ಹಕ್ಕು.

4. ಮನೆಯ ಸಿದ್ಧತೆ

ಹಾಲು: ಕೊಟ್ಟಿಗೆಯಲ್ಲಿ ಹಸು ಇದೆ, ಕೂಸಿನ ಹಾಲಿಗೆ ಕೊರತೆಯಿಲ್ಲವೆಂದು ತಿಳಿಯಬೇಡಿ. ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲು ಕೂಸಿನ ಮುಖ್ಯ ಆಹಾರವಾಗಬಾರದು. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ, ರಕ್ತಹೀನತೆ ಬರುತ್ತದೆ. ಎಳೆಯ ಮೂತ್ರಪಿಂಡಕ್ಕೂ ಅದು ಭಾರ. ವೈದ್ಯರು ಹೇಳಿದ ಶಿಶು ಹಾಲಿನ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸಬೇಕು. ಉಳಿಸಲೆಂದು ತೆಳುವಾಗಿ ಕಲಸಿದರೆ ಕೂಸು ಸೊರಗುತ್ತದೆ. ಕುದಿಸಿ ತೊಳೆದ ಲೋಟ, ಚಮಚ, ಇಲ್ಲವೆ ಒಳಲೆಯಲ್ಲಿ ಕುಡಿಸಿರಿ. ಎರಡು ಗಂಟೆ ಕಳೆದ ಹಾಲನ್ನು ಚೆಲ್ಲಿಬಿಡಿ. ಜೇನುತುಪ್ಪ ನೆಕ್ಕಿಸಕೂಡದು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಆರಂಭಿಸಬಹುದು.

ನೀರು: ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಶುದ್ಧ ನೀರಿನ ಘಟಕದ ನೀರನ್ನೇ ತಂದು, ಅದನ್ನೂ ಕುದಿಸಿ ಬಳಸಿರಿ.

ಗಾಳಿ: ಗಣಿಗಳು 2001ರಲ್ಲಿ ಮುಚ್ಚಿದವು, ಚಾಂಪಿಯನ್ ರೀಫ್ಸ್ ಸುತ್ತ ಸೈನೈಡ್ ದಿಬ್ಬಗಳು ಉಳಿದುವು. ಗಾಳಿಯ ಕಾಲದಲ್ಲಿ ಆ ಧೂಳು ಹತ್ತಿರದ ಮನೆಗಳಿಗೆ ನುಗ್ಗುತ್ತದೆ. ತೊಟ್ಟಿಲನ್ನು ಒಳಕೋಣೆಯಲ್ಲಿ ಕಟ್ಟಿ, ಒಲೆಯ ಹೊಗೆಯಿಂದಲೂ ದೂರವಿಡಿ.

ಲಸಿಕೆ: ದತ್ತು ಸಂಸ್ಥೆಯಿಂದ ಲಸಿಕೆ ಚೀಟಿಯನ್ನು ಕೇಳಿ ಪಡೆಯಿರಿ. ಊರಿಗೆ ಬಂದೊಡನೆ ಆಶಾ ಕಾರ್ಯಕರ್ತೆಗೆ ತೋರಿಸಿ, ಅಂಗನವಾಡಿಯಲ್ಲಿ ಹೆಸರು ಬರೆಸಿರಿ.

5. ಮನಸ್ಸಿನ ಸಿದ್ಧತೆ

ಅಜ್ಜಿ, ಅತ್ತೆ, ಮೈದುನ ಎಲ್ಲರೂ ಕೂಡಿ ಮೊದಲೇ ಮಾತನಾಡಿಕೊಳ್ಳಿ. ಮಗುವಿನ ಕುಲ ಯಾವುದೆಂದು ಕೆದಕುವವರಿಗೆ "ನಮ್ಮ ಮನೆಯ ಮಗು" ಎಂಬ ಒಂದೇ ಉತ್ತರ ಸಾಕು. ಆದರೆ ಮಗುವಿನಿಂದ ಸತ್ಯವನ್ನು ಮುಚ್ಚಿಡಬೇಡಿ. ನಿನ್ನನ್ನು ಬಯಸಿ ತಂದೆವೆಂದು ಚಿಕ್ಕಂದಿನಿಂದಲೇ ಕಥೆಯಂತೆ ಹೇಳುತ್ತ ಬನ್ನಿ. ನೆರೆಯವರ ಜಗಳದಲ್ಲಿ ಅದು ತಿಳಿಯುವಂತಾಗಬಾರದು.

ತೊರೆದ ಕೂಸು ಎಲ್ಲಿಯಾದರೂ ಕಂಡರೆ ತಡಮಾಡದೆ 1098ಕ್ಕೆ ದೂರವಾಣಿ ಮಾಡಿರಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಚಾವಡಿಯಲ್ಲಿ ಚರ್ಚಿಸಲು:
1. ಹೆತ್ತ ತಾಯಿಗೆ 60 ದಿನ ಕೊಡುವುದು ಏಕೆ ನ್ಯಾಯ?
2. ಹಸುವಿನ ಹಾಲು ಎಳೆಗೂಸಿಗೆ ಏಕೆ ಸಲ್ಲದು?
3. ನಮ್ಮ ಊರಿನಲ್ಲಿ ಶುದ್ಧ ನೀರಿನ ಘಟಕ ಕೆಟ್ಟಿದ್ದರೆ ಸರಿಪಡಿಸುವ ಹೊಣೆ ಯಾರದು?